ಮೊಟ್ಟೆ ಟ್ರೇಯಲ್ಲಿ ಹಸಿರು ಗುಂಡಿ

ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು, ಮಿಸ್ಸುಗಳು ಈಗಲೂ ನನಗೆ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಮೇಡಂ, ಈ ಡೇಟಾ ಹೆಂಗೆ ತುಂಬೋದು?” ಹೇಳಿಕೊಡುತ್ತೇನೆ. ಫೋನ್ ಇಟ್ಟ ಮೇಲೆ ನನ್ನ ಚಿಂತೆ ಶುರುವಾಗುತ್ತದೆ. ತುಂಬಿದ್ದನ್ನು ಆಮೇಲೆ ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲವಲ್ಲ, ನಾನಾಗಿಯೇ ಹೇಳಬೇಕಿತ್ತೇ, ಹೇಳಿದ್ದರೆ ‘ಈಯಮ್ಮ ರಿಟೈರಾದ್ರೂ ಪಾಠ ಬಿಡಲ್ವಲ್ಲಪ್ಪ’ ಅಂದುಕೊಳ್ಳುತ್ತಿದ್ದರೇ ಎಂದು ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಟೆರೇಸಿನ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತೇನೆ. ಕಾಲು ನೋಯುವುದಕ್ಕಿಂತ ಕೈ ನೋಯುವುದು ಮೇಲು ಎಂದು ಈಗ ಬರೆಯಲು ಕೂತಿದ್ದೇನೆ.

ನನ್ನದು ವಯಸ್ಸು ತುಂಬಿ ಆದ ನಿವೃತ್ತಿಯಲ್ಲ. ಐವತ್ತು ದಾಟಿದ ಮೇಲೆ ನಾನೇ ಕೇಳಿ ಪಡೆದದ್ದು. ಶಾಲೆಯ ಅಂಕಿಗಳನ್ನು ಮೇಲಕ್ಕೇರಿಸುವ ಯೋಚನೆಯಲ್ಲಿ ನನ್ನ ಬಿ.ಪಿ.ಯ ಅಂಕಿಯೂ ಜೊತೆಯಲ್ಲೇ ಮೇಲೇರಿತ್ತು. ಡಾಕ್ಟರು, “ಇದೊಂದನ್ನ ಇಳಿಸಿ ಮೇಡಂ” ಎಂದರು. ನಡುವೆ ಮುಖ್ಯ ಶಿಕ್ಷಕಿಯೂ ಆಗಿದ್ದೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ನನಗಿಂತ ಹಿರಿಯರು ಒಬ್ಬೊಬ್ಬರಾಗಿ ವರ್ಗ ಮಾಡಿಸಿಕೊಂಡು ಹೋದರು, ಬೀಗದ ಕೈ ನನ್ನ ಹತ್ತಿರ ಉಳಿಯಿತು. ಸಂಜೆ ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಎಳೆದು ನೋಡುವವಳ ಕೈಗೆ ಬೀಗ ಕೊಟ್ಟರೆ ಆ ಊರಿನ ಜನಕ್ಕೆ ಪುಕ್ಕಟೆ ಮನರಂಜನೆ.

ಡೇಟಾ ಎಂಬ ಮಾತು ಬರುವುದಕ್ಕೆ ಮೊದಲು ಅದನ್ನು ‘ಮಾಹಿತಿ’ ಎನ್ನುತ್ತಿದ್ದೆವು. ನನ್ನ ಮೊದಲ ಕೆಲಸ ಹುಲಿಯೂರುದುರ್ಗದಿಂದ ಆಚೆಗೆ ಒಂದು ಹಳ್ಳಿಯಲ್ಲಿ. ಅಲ್ಲಿನ ಹೆಡ್‌ಮಾಸ್ಟರು ಬಿಳಿ ಪಂಚೆ, ಬಿಳಿ ಶರಟಿನ ತುಂಬ ಶಾಂತ ಮನುಷ್ಯ. ಓದಲು ಬರುವ ಮಕ್ಕಳು ಎಷ್ಟು ಎಂದು ಕುಣಿಗಲ್ಲಿನ ಕಚೇರಿಯಿಂದ ಪ್ರತಿ ವರ್ಷ ಕೇಳುತ್ತಿದ್ದರು. ನಾನು ಹೊಸಬಳು. ಮೂರು ದಿನ ಗಂಟಲು ಹರಿದುಕೊಂಡು ಎಲ್ಲ ಮಕ್ಕಳನ್ನೂ ಓದಿಸಿ ಲೆಕ್ಕ ತಂದು ಅವರ ಮುಂದಿಟ್ಟೆ. ಅವರು ಅದನ್ನು ಮಡಚಿ ಕನ್ನಡಕದ ಡಬ್ಬಿಯ ಕೆಳಗಿಟ್ಟರು.

“ಹೋದ್ ವರ್ಷದ್ದು ತಗೀ ತಾಯಿ. ಅದಕ್ಕೆ ಎರಡು ಕೂಡ್ಸು.”

“ಎರಡೇ ಯಾಕೆ ಸಾರ್?”

“ಒಂದು ಕೂಡ್ಸಿದ್ರೆ ಬಯ್ಯಾಕ್ ಬತ್ತಾರೆ. ಮೂರು ಕೂಡ್ಸಿದ್ರೆ ನೋಡಾಕ್ ಬತ್ತಾರೆ. ಎರಡು ಕೂಡ್ಸಿದ್ರೆ ಯಾರೂ ಬರಾಕಿಲ್ಲ.”

ಅವರ ಇಡೀ ಸೇವಾವಧಿಯಲ್ಲಿ ಯಾರೂ ಬಂದಿರಲಿಲ್ಲ. ಆ ಸೂತ್ರವನ್ನು ನೀವು ಅನುಸರಿಸಬಾರದು ಎಂದು ಹೇಳುವುದು ನನ್ನ ಕರ್ತವ್ಯ. ಆದರೆ ಅದರಷ್ಟು ಅಚ್ಚುಕಟ್ಟಾದ ಸೂತ್ರವನ್ನು ಆಮೇಲೆ ನಾನು ಯಾವ ತರಬೇತಿಯಲ್ಲೂ ಕೇಳಲಿಲ್ಲ ಎಂಬುದೂ ನಿಜ.

ಆಮೇಲೆ ಫಾರಂಗಳ ಕಾಲ ಬಂತು, ಅದರ ಹಿಂದೆಯೇ ಆ್ಯಪಿನ ಕಾಲ. ಅಷ್ಟು ಹೊತ್ತಿಗೆ ನಾನು ಗುಬ್ಬಿ ತಾಲ್ಲೂಕಿಗೆ, ಸಿ.ಎಸ್. ಪುರದ ಹತ್ತಿರದ ಒಂದು ಚಿಕ್ಕ ಶಾಲೆಗೆ ಬಂದಿದ್ದೆ. ಅಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಏಣಿಯ ಮೇಲೆ ಮಾತ್ರ. ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಮೊಬೈಲು, ಕೆಳಗೆ ನಿಂತು ಅಂಕ ಕೂಗುವ ಶ್ವೇತಾ. ಶ್ವೇತಾ ನನ್ನ ಜೊತೆಯ ಶಿಕ್ಷಕಿ. ಎಲ್ಲೆಲ್ಲೋ ದೂರದಲ್ಲಿ ಕೆಲಸ ಮಾಡಿ, ಕಡೆಗೆ ಗಂಡನ ಊರಾದ ಗುಬ್ಬಿಯ ಹತ್ತಿರ ಬಂದವಳು. ಅವಳ ಮಗು ಶಾಲೆಯ ಪಕ್ಕದ ಅಂಗನವಾಡಿಗೇ ಬರುತ್ತಿತ್ತು. ಅದು ಅಲ್ಲಿ ಅತ್ತರೆ ಇವಳು ಇಲ್ಲಿ ಮಗ್ಗಿಯ ನಡುವೆ ತಡವರಿಸುತ್ತಿದ್ದಳು.

ಮೇಲಕ್ಕೆ ಹೋದ ಅಂಕಗಳು ಮತ್ತೆ ನಮಗೆ ಕಾಣುತ್ತಲೇ ಇರಲಿಲ್ಲ. ನಮ್ಮ ಮಕ್ಕಳದ್ದು ನಮ್ಮ ಕಣ್ಣ ಮುಂದೆಯೇ ಇರಬೇಕು ಎಂದು ನನಗೆ ಅನ್ನಿಸಿತು. ಬಿಸಿಯೂಟದ ಮೊಟ್ಟೆ ಬರುವ ರಟ್ಟಿನ ಟ್ರೇಗಳು ಅಡುಗೆ ಕೋಣೆಯ ಮೂಲೆಯಲ್ಲಿ ಅಟ್ಟಿಯಾಗಿ ಬಿದ್ದಿದ್ದವು. ನಾಲ್ಕು ಮತ್ತು ಐದನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಎಲ್ಲರನ್ನೂ ಸೇರಿಸಿದರೂ ಒಂದು ಟ್ರೇಯ ಗೂಡುಗಳು ಮಿಗುತ್ತಿದ್ದವು. ಒಬ್ಬೊಬ್ಬರಿಗೆ ಒಂದು ಗೂಡು. ಪ್ರತಿ ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದು ಸಣ್ಣ ಕಥೆಯನ್ನು ಎಲ್ಲರಿಂದ ಓದಿಸುವುದು. ಅಕ್ಷರ ಮಾತ್ರ ಗುರುತಿಸುವವರ ಗೂಡಿಗೆ ಹುರುಳಿಕಾಳು, ಕೂಡಿಸಿ ಕೂಡಿಸಿ ಓದುವವರಿಗೆ ಅವರೆಕಾಳು, ಸರಾಗವಾಗಿ ಓದುವವರಿಗೆ ಕಡಲೆಬೀಜ. ಮೊದಲ ವಾರವೇ ಇಲಿ ಬಂದು ಎಲ್ಲ ತಿಂದುಬಿಟ್ಟಿತು. ಸೋಮವಾರ ಬೆಳಗ್ಗೆ ನಮ್ಮ ಇಡೀ ಶಾಲೆ ನಿರಕ್ಷರಿಯಾಗಿತ್ತು.

ಟೈಲರ್ ಅಂಗಡಿಯಿಂದ ಶರಟಿನ ಗುಂಡಿ ತಂದೆವು. ಕೆಂಪು, ಹಳದಿ, ಹಸಿರು. ಕಾಳುಗಳ ಜಾಗಕ್ಕೆ ಅದೇ ಕ್ರಮದಲ್ಲಿ ಅವು ಬಂದವು. ಇಲಿ ಒಂದು ಸಲ ಮೂಸಿ ನೋಡಿ ಹೋಯಿತೇನೋ, ಮತ್ತೆ ಬರಲಿಲ್ಲ.

ಟ್ರೇ ಮಾತಾಡತೊಡಗಿತು. ವಾರದಿಂದ ವಾರಕ್ಕೆ ಹುಡುಗಿಯರ ಗೂಡುಗಳು ಹಸಿರಾಗುತ್ತಿದ್ದವು, ಹುಡುಗರವು ಕೆಂಪಿನಲ್ಲೇ ಇದ್ದವು. “ಹೆಣ್ಮಕ್ಕಳು ಚುರುಕು ಅಲ್ವಾ ಮೇಡಂ” ಎಂದಳು ಶ್ವೇತಾ. ನನಗೂ ಒಳಗೊಳಗೇ ಹೆಮ್ಮೆ. ಟ್ರೇ ಹೇಳಿದಂತೆ ನಡೆದೆವು. ಸಂಜೆ ಹುಡುಗರನ್ನು ಉಳಿಸಿಕೊಂಡು ಓದು ಹೇಳಿಕೊಟ್ಟೆವು. ಹುಡುಗಿಯರಿಗೆ ಆ ಹೊತ್ತಿನಲ್ಲಿ ಬಣ್ಣದ ಕಾಗದ ಕತ್ತರಿಸಿ ಗೋಡೆ ಸಿಂಗರಿಸುವ ಕೆಲಸ.

ನಮ್ಮ ಸಿ.ಆರ್.ಪಿ. ಬಸವರಾಜು ಸಾರ್ ಅಂದರೆ ಸುತ್ತಲಿನ ಹತ್ತಾರು ಶಾಲೆಗಳನ್ನು ಬೈಕಿನಲ್ಲಿ ಸುತ್ತಿ ನೋಡಿಕೊಳ್ಳುವವರು. ಉತ್ಸಾಹದ ಮನುಷ್ಯ. ಟ್ರೇ ನೋಡಿ ಕುಣಿದುಬಿಟ್ಟರು. ಫೋಟೋ ತೆಗೆದು ಶಿಕ್ಷಕರ ಗ್ರೂಪಿಗೆ ಹಾಕಿದರು. “ಮೇಡಂ, ನಿಮ್ ಟ್ರೇ ವೈರಲ್ಲು! ಬರೋ ಶನಿವಾರ ಬೇರೆ ಶಾಲೆಯೋರನ್ನೆಲ್ಲ ಕರ್ಕೊಂಡ್ ಬರ್ತೀನಿ. ಪೋಷಕರನ್ನೂ ಕರೀರಿ.” ನನಗೆ ಆ ಕ್ಷಣದಿಂದಲೇ ಅನುಮಾನ. ಇಷ್ಟು ಚೆನ್ನಾಗಿರುವುದೆಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಹಾಲು ಉಕ್ಕದಿದ್ದರೂ ಒಲೆ ಆರಿದೆಯೇನೋ ಎಂದು ನೋಡುವ ಜಾತಿ ನನ್ನದು.

ಗುರುವಾರ ರಂಗಸ್ವಾಮಿ ಬಂದರು. ಪೋಷಕರೆಲ್ಲ ಸೇರಿ ಆರಿಸಿದ ಶಾಲಾ ಸಮಿತಿಗೆ ಅವರೇ ಅಧ್ಯಕ್ಷರು. ತೆಂಗಿನ ತೋಟ, ನಾಲ್ಕು ಹಸು, ಊರಲ್ಲಿ ಮಾತಿಗೆ ತೂಕ. ಮಗಳು ಹೇಮಾ ನಾಲ್ಕನೇ ತರಗತಿ. ಟ್ರೇಯಲ್ಲಿ ಕಟ್ಟಕಡೆಯ ಗೂಡು ಅವಳದು, ಅಚ್ಚ ಹಸಿರು.

“ಮೇಡಮ್ಮೋರೆ, ನನ್ ಮಗ್ಳು ಫಸ್ಟು ಅಂತ ಫೋಟೋದಲ್ಲಿ ನೋಡ್ದೆ. ಖುಷಿಯಾಯ್ತು. ಹಿಂಡಿ ಚೀಲದ ಮೇಲಿರಾದು ಓದವ್ವ ಅಂದೆ. ಏನಂದ್ಲು ಗೊತ್ತಾ? ಹಸು ಅಂದ್ಲು.”

“ಮತ್ತೆ ಸರಿ ಅಲ್ವಾ?”

“ಹಸು ಚಿತ್ರ ಇರಾದು ಮೇಡಂ! ಬರ್ದಿರಾದು ‘ಪಶು ಆಹಾರ’ ಅಂತ. ಚೀಲ ತಿರುಗ್ಸಿ ಚಿತ್ರ ಮುಚ್ಚುದ್ರೆ, ಬಾಯ್ ಬುಡಾಕಿಲ್ಲ!”

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಜೇಬಿನಿಂದ ಟಿ.ಸಿ. ಅರ್ಜಿ ತೆಗೆದು, ತೋರಿಸಿ, ಮತ್ತೆ ಜೇಬಿಗೇ ಇಟ್ಟುಕೊಂಡರು. ರಸ್ತೆಗೆ ದಿನಾ ಒಂದು ಹಳದಿ ವ್ಯಾನು ಬಂದು ಹೋಗುತ್ತಿತ್ತು, ಇಂಗ್ಲಿಷ್ ಮೀಡಿಯಂ ಶಾಲೆಯದು. “ಶನಿವಾರ ಬಂದು ನೋಡ್ತೀನಿ. ಆಮೇಲೆ ವ್ಯಾನೋ ನೀವೋ ಹೇಳ್ತೀನಿ.”

ಹೇಮಾ ಹೋದರೆ ಅವಳೊಬ್ಬಳೇ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ರಂಗಸ್ವಾಮಿ ಹೆಂಗೋ ಹಂಗೆ ನಾವು ಎನ್ನುವ ಮನೆಗಳು ಐದಾರಿದ್ದವು. ಅಷ್ಟು ಮಕ್ಕಳು ಹೋದರೆ ಉಳಿದವರಿಗೆ ಇಬ್ಬರು ಶಿಕ್ಷಕಿಯರು ಹೆಚ್ಚಾಯಿತೆಂದು ಇಲಾಖೆ ಒಬ್ಬಳನ್ನು ಬೇರೆ ಕಡೆ ಕಳಿಸುತ್ತಿತ್ತು. ಆಮೇಲೆ ಬಂದವಳಾದ್ದರಿಂದ ಹೊರಡಬೇಕಾದವಳು ಶ್ವೇತಾ. ಐದೂ ತರಗತಿಗೆ ಉಳಿಯುವವಳು ನಾನೊಬ್ಬಳು, ಜೊತೆಗೆ ನನ್ನ ಬಿ.ಪಿ. ರಂಗಸ್ವಾಮಿ ಹೋದ ಮೇಲೆ ಶ್ವೇತಾ ಅಂಗನವಾಡಿಯ ಕಡೆ ಒಮ್ಮೆ ನೋಡಿದಳು. ನನಗೆ ಅದನ್ನು ನೋಡಲಾಗದೆ ಟ್ರೇ ನೋಡಿದೆ.

ಆಗ ಕಂಡಿತು. ಕೆಂಪಿನಿಂದ ಹಸಿರಿಗೆ ಹೋಗುವುದು ಗಂಡು ಹೆಣ್ಣು ಎಂಬ ಗೆರೆಯಲ್ಲಿ ಅಲ್ಲ. ಮೊದಲ ಸಾಲು ಕೆಂಪು. ಎರಡನೆಯ ಸಾಲಿನಲ್ಲಿ, ಹುಡುಗರಲ್ಲೇ, ಅಲ್ಲೊಂದು ಇಲ್ಲೊಂದು ಹಳದಿ. ಹುಡುಗಿಯರು ಶುರುವಾಗುವಲ್ಲಿ ಹಳದಿ ಜಾಸ್ತಿ. ಕೊನೆಗೆ ಬರೀ ಹಸಿರು. ಯಾರೋ ಬೇಕೆಂದೇ ಮೆಟ್ಟಿಲು ಕಟ್ಟಿದ ಹಾಗೆ. ಮಕ್ಕಳ ಜಾಣತನ ಇಷ್ಟು ಶಿಸ್ತಾಗಿ ಸಾಲು ನಿಲ್ಲುವುದನ್ನು ನಾನೆಲ್ಲೂ ನೋಡಿರಲಿಲ್ಲ. ನಮ್ಮ ಮಕ್ಕಳು ಪ್ರಾರ್ಥನೆಗೇ ಇಷ್ಟು ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಹಾಜರಿ ಪುಸ್ತಕ ಬರೆಯುವ ನಮ್ಮ ಪದ್ಧತಿ ನಿಮಗೂ ಗೊತ್ತು. ಮೊದಲು ಹುಡುಗರ ಹೆಸರು, ಅ ದಿಂದ ಶುರು. ಅವರು ಮುಗಿದ ಮೇಲೆ ಹುಡುಗಿಯರು, ಅವರದ್ದೂ ಅ ದಿಂದ. ಎರಡೂ ತರಗತಿಯನ್ನು ಸೇರಿಸಿ ನಾನು ಗೂಡು ಹಂಚಿದ್ದೂ, ಓದಿಸುತ್ತಿದ್ದುದೂ ಅದೇ ಕ್ರಮದಲ್ಲಿ, ಎಲ್ಲರ ಎದುರು, ಎಲ್ಲರಿಗೂ ಒಂದೇ ಕಥೆ. ಅಭಿಷೇಕ ಯಾವಾಗಲೂ ಮೊದಲು ಸಿಕ್ಕಿಬೀಳುತ್ತಿದ್ದ, ಹೇಮಾ ಕೊನೆ. ತಪ್ಪಿದಲ್ಲೆಲ್ಲ ನಾನು ಗಟ್ಟಿಯಾಗಿ ತಿದ್ದಿ ಹೇಳುತ್ತಿದ್ದೆ. ಅಂದರೆ ಹೇಮಾಳ ಸರದಿ ಬರುವ ಹೊತ್ತಿಗೆ ಇಡೀ ಕಥೆಯನ್ನು ನಾನೇ ಅವಳ ಕಿವಿಗೆ ಹತ್ತಿಪ್ಪತ್ತು ಸಲ ಹಾಕಿರುತ್ತಿದ್ದೆ.

ಹೇಮಾಳನ್ನು ಕರೆದು ಪುಸ್ತಕದ ಯಾವುದೋ ಹೊಸ ಪುಟ ಕೊಟ್ಟು ಓದು ಎಂದೆ. ಅವಳು ಎದೆಯುಬ್ಬಿಸಿ ನಿಂತು, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತಾ, ಕಳೆದ ಶನಿವಾರದ ಬೆಕ್ಕಿನ ಕಥೆಯನ್ನು ಒಂದು ಅಕ್ಷರ ತಪ್ಪದೆ ಹೇಳಿದಳು. ಪುಟದ ಮೇಲೆ ಬೆಕ್ಕೇ ಇರಲಿಲ್ಲ. ಬಾವಿ ಇತ್ತು.

“ಇದು ನಿಂಗೆ ಹೆಂಗೆ ಬಂತೇ?”

“ಹುಡುಗ್ರು ಓದ್ತಾರಲ್ಲ ಮಿಸ್. ಅಷ್ಟೊತ್ಗೆ ಬಂದ್ಬುಡುತ್ತೆ.”

ಅವಳ ಮುಖದಲ್ಲಿ ಅಳುಕಿರಲಿಲ್ಲ. ಅಳುಕಬೇಕಾದದ್ದೂ ಇರಲಿಲ್ಲ. ಓದುವುದೆಂದರೆ ಅದೇ ಎಂದು ಅವಳು ತಿಳಿದಿದ್ದಳು, ಹಾಗೆ ತಿಳಿಯಲು ನಾನೇ ಪ್ರತಿ ಶನಿವಾರ ಒಂದು ಹಸಿರು ಗುಂಡಿ ಇಡುತ್ತಿದ್ದೆ. ಇತ್ತ ಕಲಿಸಬೇಕಾದ ಹುಡುಗಿಯರ ಕೈಗೆ ಕತ್ತರಿ ಕೊಟ್ಟು ಕೂರಿಸಿದ್ದೆ. ಗೋಡೆ ಮಾತ್ರ ಬಹಳ ಚೆನ್ನಾಗಿತ್ತು.

ಶುಕ್ರವಾರ ಹೊಸ ಕಥೆ ತೆಗೆದು, ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ ಕರೆದೆ. ಹೇಮಾ ಮೊದಲು, ಅಭಿಷೇಕ ಕೊನೆ. ಹೇಮಾಳಿಗೆ ಕೆಂಪು. ಅಭಿಷೇಕನಿಗೆ ಹಸಿರು! ಅವನು ಜನ್ಮದಲ್ಲಿ ಮೊದಲ ಸಲ ಹಸಿರು ಕಂಡು ಮೈದಾನಕ್ಕೆ ಒಂದು ಸುತ್ತು ಓಡಿ ಬಂದ. ಅವನ ಸಂತೋಷಕ್ಕೆ ಆಯುಷ್ಯ ಬಹಳ ಇರಲಿಲ್ಲ. ಊಟವಾದ ಮೇಲೆ ಒಬ್ಬೊಬ್ಬರನ್ನೇ ಹೊರಗೆ ಹೊಂಗೆ ಮರದ ಕೆಳಗೆ ಕರೆದು, ಒಬ್ಬೊಬ್ಬರಿಗೂ ಬೇರೆ ಬೇರೆ ಚೀಟಿ ಕೊಟ್ಟು ಓದಿಸಿದೆವು. ಟ್ರೇ ತುಂಬ ಕೆಂಪು, ನಡುವೆ ಹಳದಿ, ಹುಡುಕಿದರೆ ಒಂದೆರಡು ಹಸಿರು.

ಶನಿವಾರ ಬಸವರಾಜು ಸಾರ್ ಬೇರೆ ಶಾಲೆಯ ಶಿಕ್ಷಕರನ್ನು ಕರೆದುಕೊಂಡು ಬಂದರು. ಟ್ರೇ ನೋಡಿ ಅವರ ಮುಖ ಇಳಿಯಿತು.

“ಇದೇನ್ ಮೇಡಂ, ಟೊಮೆಟೊ ತುಂಬಿಟ್ಟಿದೀರಾ?”

ನಡೆದದ್ದು ಹೇಳಿದೆ. ಅವರು ನನ್ನನ್ನು ಅಡುಗೆ ಕೋಣೆಯ ಕಡೆ ಕರೆದೊಯ್ದು ಪಿಸುಗುಟ್ಟಿದರು. “ಇವತ್ತೊಂದಿನ ಹಳೇ ಫೋಟೋ ನೋಡ್ಕೊಂಡು ಗುಂಡಿ ಇಟ್ಬಿಡಿ. ಸೋಮವಾರದಿಂದ ಸತ್ಯ ಹೇಳೋಣ.”

ಸುಳ್ಳು ಹೇಳಬಾರದು ಎಂಬ ಧೈರ್ಯ ನನಗಿತ್ತೆಂದು ನೀವು ತಿಳಿಯಬೇಡಿ. ನನಗಿದ್ದದ್ದು ಭಯ. ಹಸಿರಿಟ್ಟರೆ ರಂಗಸ್ವಾಮಿ ಹಿಂಡಿ ಚೀಲ ಹೊತ್ತುಕೊಂಡೇ ಬರುತ್ತಾರೆ. ಕೆಂಪಿಟ್ಟರೆ ಟಿ.ಸಿ. ಅರ್ಜಿ ಹೊರಗೆ ಬರುತ್ತದೆ. ಎರಡರಲ್ಲೂ ಶ್ವೇತಾ ಹೊರಡುತ್ತಾಳೆ. ಹೇಗೂ ಮುಳುಗುವುದಾದರೆ ಆಮೇಲೆ ನಿದ್ದೆಯಾದರೂ ಬರುವ ಕಡೆ ಮುಳುಗೋಣ ಎಂದುಕೊಂಡು ಕೆಂಪು ಟ್ರೇಯನ್ನೇ ಎತ್ತಿಕೊಂಡು ಹೋಗಿ ಪೋಷಕರ ಮುಂದೆ ಇಟ್ಟೆ. ಇಡುವ ಅವಸರದಲ್ಲಿ ಎರಡು ಗುಂಡಿ ಕೆಳಗೆ ಬಿದ್ದವು. ಯಾರ ಗೂಡಿನವು ಎಂದು ಅಲ್ಲೇ ಮತ್ತೆ ಗಾಬರಿ.

ಹಾಜರಿಯ ಕ್ರಮ, ಬೆಕ್ಕಿನ ಕಥೆ, ಹೊಂಗೆ ಮರ ಎಲ್ಲ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ರಂಗಸ್ವಾಮಿ ನಗಲಿಲ್ಲ.

“ಅಂದ್ರೆ, ಇಷ್ಟು ದಿನ ನಮ್ ಹೆಣ್ಮಕ್ಳು ಓದ್ತಿರ್ಲಿಲ್ಲ, ಕೇಳ್ಕಂಡು ಒಪ್ಪುಸ್ತಿದ್ರು.”

“ಹೌದು.”

“ಇದ ನೀವೇ ಹೇಳ್ತಾ ಇದೀರಲ್ಲ.”

“ಇನ್ಯಾರು ಹೇಳ್ಬೇಕು ರಂಗಸ್ವಾಮಿಯೋರೆ? ಓದಿಸಿದ್ದು ನಾನೇ ಅಲ್ವಾ?”

ಅವರು ಟ್ರೇಯ ಕೊನೆಯ ಗೂಡಿನ ಕೆಂಪು ಗುಂಡಿಯನ್ನು ಎತ್ತಿ ನೋಡಿ, ಮತ್ತೆ ಅಲ್ಲೇ ಇಟ್ಟರು. “ಸಂಕ್ರಾಂತಿ ತಂಕ ನೋಡ್ತೀನಿ. ಆಮೇಲೆ ಒಂದಿನಾನೂ ಇಲ್ಲ.” ಟಿ.ಸಿ. ಅರ್ಜಿ ಜೇಬಿನಲ್ಲೇ ಉಳಿಯಿತು. ಬಸವರಾಜು ಸಾರ್ ಬೈಕ್ ಹತ್ತುವಾಗ, “ನೀವು ಸ್ವಲ್ಪ ಬೇರೆ ಥರ ಮೇಡಂ” ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಮುಂದೆ ಮಾಡಿದ್ದರಲ್ಲಿ ಜಾದೂ ಏನಿಲ್ಲ. ದಿನಕ್ಕೆ ಒಂದು ಪಿರಿಯಡ್ಡು ತರಗತಿ ಮರೆತು ಗುಂಡಿಯ ಬಣ್ಣದ ಪ್ರಕಾರ ಕೂರಿಸಿದೆವು. ಕೆಂಪಿನವರು ಶ್ವೇತಾಳ ಹತ್ತಿರ, ಹಳದಿಯವರು ನನ್ನ ಹತ್ತಿರ. ಹಸಿರಿನ ಇಬ್ಬರು ಮೂವರಿಗೆ ಕಥೆ ಪುಸ್ತಕ ಕೊಟ್ಟು ಮೂಲೆಯಲ್ಲಿ ಬಿಟ್ಟೆವು. ಕತ್ತರಿ ಬೀರುವಿಗೆ ಹೋಯಿತು. ಮಕ್ಕಳು ಯಾರ ಬಾಯಲ್ಲೂ ಕೇಳಿರದ ಬರಹಕ್ಕಾಗಿ ನಾನು ಕಂಡದ್ದನ್ನೆಲ್ಲ ಕಿತ್ತು ತಂದೆ. ಬಿಸ್ಕತ್ತಿನ ಕವರು, ಮದುವೆ ಕರೆಯೋಲೆ, ಬೀಜದ ಪೊಟ್ಟಣ, ಹಲ್ಲಿನ ಡಾಕ್ಟರ ಜಾಹೀರಾತು. ತುಮಕೂರಿನ ಬಸ್ ನಿಲ್ದಾಣದಲ್ಲಿ ನಾನು ಕಸದ ಬುಟ್ಟಿಯ ಹತ್ತಿರ ಬಗ್ಗುವುದನ್ನು ನೋಡಿ ಒಬ್ಬ ಹಳೆಯ ವಿದ್ಯಾರ್ಥಿ, “ಮಿಸ್, ಮನೇಲಿ ಎಲ್ಲ ಚೆನ್ನಾಗಿದಾರಾ?” ಎಂದು ಕನಿಕರದಿಂದ ಕೇಳಿದ.

ಒಂದು ಮಾತು ಬರೆದುಕೊಳ್ಳಿ. ಹೊಂಗೆ ಮರದ ಕೆಳಗೆ ಒಬ್ಬೊಬ್ಬರನ್ನೇ ಕೂರಿಸಿ ಕೇಳುವುದಕ್ಕೆ ಒಂದು ಶನಿವಾರ ಸಾಲುವುದಿಲ್ಲ. ನಾವು ಅದನ್ನು ವಾರದ ಎಲ್ಲ ದಿನಕ್ಕೂ ಹಂಚಿದೆವು. ಆಗಲೇ ಗೊತ್ತಾಗಿದ್ದು, ಅಭಿಷೇಕನಿಗೆ ಒತ್ತಕ್ಷರ ಮಾತ್ರ ಕಷ್ಟ, ಹೇಮಾ ದೀರ್ಘ ಬಂದಲ್ಲಿ ಎಡವುತ್ತಾಳೆ ಎಂದು. ಕೆಂಪು ಎಂದರೆ ಒಂದೇ ಕೆಂಪಲ್ಲ.

ಸಂಕ್ರಾಂತಿ ಹತ್ತಿರ ಬಂತು. ಹೇಮಾ ಇನ್ನೂ ಕೆಂಪಿನಲ್ಲೇ ಇದ್ದಳು. ಶ್ವೇತಾ ಗುಬ್ಬಿಯಲ್ಲಿ ತರಕಾರಿ ತರುವಾಗಲೂ ವರ್ಗಾವಣೆಯ ಕನಸು ಬೀಳುತ್ತದೆ ಎಂದಳು. ನಾನು ಸಮಾಧಾನ ಹೇಳಲು ಹೋಗಿ ನನ್ನದೇ ನಾಲ್ಕು ಚಿಂತೆ ಸೇರಿಸಿದೆ.

ಹಬ್ಬಕ್ಕೆ ಮುಂಚಿನ ಶನಿವಾರ, ಶಾಲೆ ಬಿಟ್ಟ ಮೇಲೆ ಸಿ.ಎಸ್. ಪುರದ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ರಂಗಸ್ವಾಮಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ಕೊಳ್ಳಲು ಹೇಮಾಳನ್ನು ಕರೆದುಕೊಂಡು ಬಂದಿದ್ದರು. ನನ್ನನ್ನು ಕಂಡೊಡನೆ ಅವರ ಕೈ ಜೇಬಿನ ಮೇಲೆ ಹೋದಂತೆ ನನಗೆ ಕಂಡಿತು. ಬೀಡಿಗೂ ಇರಬಹುದು.

“ಎಲ್ಲಿಗಂಟ ಬಂತು ಮೇಡಂ?”

“ನಡೀತಾ ಇದೆ” ಎಂದೆ.

ಅಷ್ಟರಲ್ಲಿ ನನ್ನ ಬಸ್ಸು ಬಂತು. ಆ ಹೊತ್ತಿಗೆ ಬರುವುದು ಗುಬ್ಬಿಯ ಬಸ್ಸೇ. ವರ್ಷಗಟ್ಟಲೆ ಅದೇ ಹೊತ್ತು, ಅದೇ ಬಣ್ಣ, ಅದೇ ಡ್ರೈವರು. ಸ್ಟಾಪಿನಲ್ಲಿದ್ದವರೆಲ್ಲ “ಗುಬ್ಬಿ ಬಂತು, ಗುಬ್ಬಿ ಬಂತು” ಎಂದು ಚೀಲ ಎತ್ತಿಕೊಂಡರು. ರಂಗಸ್ವಾಮಿಯಿಂದ ತಪ್ಪಿಸಿಕೊಳ್ಳುವ ಆತುರದಲ್ಲಿ ನಾನೇ ಮುಂದಾಗಿ ಮೆಟ್ಟಿಲ ಮೇಲೆ ಕಾಲಿಟ್ಟೆ.

“ಮಿಸ್! ಇಳೀರಿ ಮಿಸ್! ಅದು ಗುಬ್ಬಿದಲ್ಲ!”

ಹೇಮಾ ಬಸ್ಸಿನ ಮುಂದೆ ನಿಂತು, ಕತ್ತು ಮೇಲೆತ್ತಿ, ಬೋರ್ಡಿಗೆ ಬೆರಳು ತೋರಿಸುತ್ತಿದ್ದಳು.

“ಏಯ್, ಈ ಟೈಮಿಗೆ ಗುಬ್ಬೀದೇ ಕಣೆ ಬರಾದು” ಎಂದರು ಚೀಲ ಹಿಡಿದ ಅಜ್ಜಿಯೊಬ್ಬರು.

“ಅಲ್ಲ ಅಜ್ಜಿ. ಕು... ಣಿ... ಗ... ಲ್. ಕುಣಿಗಲ್! ಗುಬ್ಬಿ ಅಂತ ಬರ್ದೇ ಇಲ್ಲ.”

ಕಂಡಕ್ಟರು ಬಾಗಿಲಲ್ಲಿ ತಲೆ ಹಾಕಿ, “ಗುಬ್ಬೀದು ಕೆಟ್ಟು ನಿಂತೈತೆ, ಹಿಂದಿಂದು ಬತ್ತದೆ. ಇದು ಕುಣಿಗಲ್ಲು, ಇಳ್ಕಳಿ ಇಳ್ಕಳಿ!” ಎಂದ. ನಾನು ಇಳಿದೆ. ಅಜ್ಜಿಯೂ ಇಳಿದರು. ನಮ್ಮ ಹಿಂದೆ ಹತ್ತಿದ್ದವರೆಲ್ಲ ಬಯ್ದುಕೊಳ್ಳುತ್ತಾ ಇಳಿದರು.

ಸ್ಟಾಪಿನಲ್ಲಿದ್ದ ಅಷ್ಟೂ ಜನ ಗುಬ್ಬಿ ಎನ್ನುತ್ತಿರುವಾಗ ಕುಣಿಗಲ್ ಎಂಬ ಹೆಸರನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲು ಸಾಧ್ಯವಿರಲಿಲ್ಲ. ನನಗೆ ಇದು ಹೊಳೆಯುವ ಮೊದಲೇ ರಂಗಸ್ವಾಮಿಗೆ ಹೊಳೆದಿತ್ತು. ಅವರು ಹೊರಟ ಬಸ್ಸಿನ ಬೋರ್ಡು, ಮಗಳ ಮುಖ ಎರಡನ್ನೂ ನೋಡಿದರು. ಮಗಳ ತಲೆಯ ಮೇಲೆ ಕೈಯಿಟ್ಟು ಒಂದು ಸಲ ಗಟ್ಟಿಯಾಗಿ ಅಲ್ಲಾಡಿಸಿದರು. ಅವರ ಜೇಬಿನ ಕಾಗದ ಹೊರಗೆ ಬಂತು. ಅದನ್ನು ನಾಲ್ಕಾಗಿ ಹರಿದು, ಎಸೆಯಲು ಜಾಗ ಕಾಣದೆ ನನ್ನ ಕೈಗೇ ಕೊಟ್ಟರು.

“ಇದರಲ್ಲೂ ಅಕ್ಷರ ಐತೆ ಮೇಡಂ. ಮಕ್ಳಿಗ್ ಕೊಡಿ, ಓದ್ಲಿ.”

ಸೋಮವಾರ ಶ್ವೇತಾಳಿಗೆ ಹೇಳಿದೆ. ಅವಳು ಅಂಗನವಾಡಿಗೆ ಓಡಿ, ಮಗುವನ್ನು ಎತ್ತಿ, ಮುತ್ತಿಟ್ಟು, ಅದು ಅಳುವಂತೆ ಮಾಡಿ ಬಂದಳು. ನಾನು ಟ್ರೇ ಇಳಿಸಿ ಕಟ್ಟಕಡೆಯ ಗೂಡಿನ ಕೆಂಪು ಗುಂಡಿ ತೆಗೆದೆ. ನನ್ನ ಬೆರಳು ತಾನಾಗಿ ಹಸಿರಿನ ಡಬ್ಬಿಗೆ ಹೋಯಿತು. ತಪ್ಪು ಬಸ್ಸಿನಿಂದ ಇಳಿಸಿದವಳಿಗೆ ಅಷ್ಟೂ ಕೊಡದಿದ್ದರೆ ಹೇಗೆ?

ಪಕ್ಕದಲ್ಲಿ ನಿಂತಿದ್ದ ಹೇಮಾ ನನ್ನ ಕೈ ಹಿಡಿದಳು.

“ಹಳದಿ ಇಡಿ ಮಿಸ್. ಇನ್ನೂ ಕೂಡುಸ್ಕಂಡೇ ಓದಾದು ನಾನು.”